ಹಿತ್ತಲಿಗೆ ಕಟ್ಟಿದ ನೀರು

ಭೂಮಿಯ ವಿಷಯದಲ್ಲಿ ಗೊರೇಬಾಳದ ಜಂಬಣ್ಣನಿಗೆ ತಿಳಿಯದ್ದಿಲ್ಲ. ಹಾಗೆಂದು ಜಂಬಣ್ಣನೇ ಹೇಳುತ್ತಾನೆ. ಕಾಲುವೆ ನೀರಿನಲ್ಲಿ ಹದಿನಾಲ್ಕು ಎಕರೆ ಭತ್ತ ಬೆಳೆಯುವ ಈ ಮಹಾಶಯನ ಹಿತ್ತಲು ನೋಡಿದರೆ ಮಾತ್ರ ಅವನ ಹೆಂಡತಿ ಕಸ್ತೂರೆಮ್ಮನಿಗೆ ತಿಂದ ರೊಟ್ಟಿ ಗಂಟಲಿಗೆ ಬರುತ್ತಿತ್ತು. ಬಚ್ಚಲ ನೀರು ನಿಂತು ಹಸಿರುಗಟ್ಟಿದ ಗುಂಡಿ, ಹಂದಿ ಹೊರಳಿದ ಗುರುತು, ಮೊಮ್ಮಗನ ಡೈಪರು, ಮಾಳಿಗೆಯ ಮೇಲೆ ಕೂತು ಗಂಡ ಉಗುಳಿದ ಗುಟ್ಕಾಕ್ಕೆ ಕೆಂಪಾದ ಗೋಡೆ.

ಆದರೆ ಈ ಮುಂಗಾರಿಗೆ ಆ ಹೇಸಿಗೆಗೆ ಕೈ ಹಾಕಲೇಬೇಕಿತ್ತು. ಮಸ್ಕಿಯ ತವರಲ್ಲಿ ತಾಯಿ ತೀರಿಕೊಂಡ ವರ್ಷ ಕಸ್ತೂರೆಮ್ಮ ತಂದಿಟ್ಟ ಹೀರೆ ಮತ್ತು ಚೆಂಡುಹೂವಿನ ಬೀಜ ಬೂದಿ ಬೆರೆಸಿದ ಗಂಟಿನಲ್ಲಿತ್ತು. ತವರಿನ ಹಿತ್ತಲಲ್ಲಿ ಅಣ್ಣ ಅಂಗಡಿ ಕಟ್ಟಿಸಿದ್ದ. ಅವ್ವನ ತಳಿ ಉಳಿದದ್ದು ಈ ಗಂಟಿನಲ್ಲಿ ಮಾತ್ರ. ಇನ್ನೊಂದು ವರ್ಷ ಇಟ್ಟರೆ ಮೊಳೆಯುವ ನಂಬಿಕೆಯಿಲ್ಲ.

ತಮ್ಮ ಗದ್ದೆಗೆ ನಾಟಿ ಹಚ್ಚಲು ಬರುವ ಗದ್ದೆಮ್ಮನನ್ನು ಕರೆದುಕೊಂಡು ಮೂರು ದಿನ ಹೊಲಸು ಬಳಿದಳು.

"ಅಕ್ಕಾರ, ಇದು ಹಿತ್ತಲಾನೋ, ಇಡೀ ಊರ ತಿಪ್ಪಿನೋ?"

"ಊರಿಂದಾಗಿದ್ರ ಬೈದು ಸುಮ್ಮನಾಗ್ತಿದ್ದೆ. ಎಲ್ಲಾ ನಮ್ಮ ಮನಿದ ಬೇ!"

ಜಂಬಣ್ಣ ಮೂಗಿಗೆ ಟವೆಲ್ ಒತ್ತಿಕೊಂಡು ಬಾಗಿಲಲ್ಲೇ ನಿಂತು, "ಆ ಮೂಲಿ ಬಿಟ್ರಿ ನೋಡು," ಎಂದು ದುಡಿದ.

ನೆಲ ಅಗೆದು ಮಡಿ ಮಾಡಿಟ್ಟು, ಕಸ್ತೂರೆಮ್ಮ ತಂಗಿಯ ಮನೆಯ ತೊಟ್ಟಿಲ ಶಾಸ್ತ್ರಕ್ಕೆಂದು ಲಿಂಗಸುಗೂರಿಗೆ ಹೋದಳು. ಮೂರು ದಿನ ಬಿಟ್ಟು ಬಂದರೆ ನಾತ ಓಣಿಯಲ್ಲೇ ಎದುರುಗೊಂಡಿತು. ಹಿತ್ತಲ ತುಂಬ ಕರಿ ಕೆಸರು. ಆಳದಲ್ಲಿ ಹೂತು ಹೋಗಿದ್ದ ಹೊಲಸೆಲ್ಲ ಮೇಲೆದ್ದು ತೇಲುತ್ತಿತ್ತು.

"ಕಸದ ಬೇರು ಸಾಯಬೇಕಂದ್ರ ನೀರು ಕಟ್ಟಿ ತುಳಿಸಬೇಕು," ಎಂದ ಜಂಬಣ್ಣ. "ಬೀಜಾನೂ ನೆನಿ ಹಾಕಿ, ಗೋಣಿಚೀಲದಾಗ ಸುತ್ತಿಟ್ಟು, ಇವತ್ತ ಚೆಲ್ಲೀನಿ. ಮೂವತ್ತು ವರ್ಷದ ಅನುಭವ ಲೇ ಇದು!"

"ಯಾವ ಬೀಜ?"

"ಗಂಟಿನ್ಯಾಗ ಇದ್ದುವಲ್ಲ."

"ಅದೇನು ಭತ್ತ ಏನ್ರೀ?"

ಸೀರೆ ಎತ್ತಿ ಕಟ್ಟಿ, ಬೀಜ ಹುಡುಕಲು ಕೆಸರಿಗಿಳಿದಳು. ಕಾಲ್ಬೆರಳಿಗೆ ಮೆತ್ತಗಿನದೇನೋ ಸುತ್ತಿಕೊಂಡಿತು. ಏನೆಂದು ನೋಡಲಿಲ್ಲ.

"ರೋಗ ಬರ್ತೈತಿ, ಮ್ಯಾಲ ಬಾ!"

"ನೀವೂ ಇಳೀರಿ."

"ನಾನಾ? ಮಂದಿ ನೋಡಾಕತ್ಯಾರ."

"ಇಳೀರಿ ಸಾವುಕಾರ್ರ," ಗೋಡೆಯಾಚೆಯಿಂದ ಗದ್ದೆಮ್ಮ ಕೂಗಿದಳು. "ಗದ್ದಿ ನಿಮ್ಮದ ಐತಲ್ಲ!"

ಇಳಿದ. ಡೈಪರೊಂದನ್ನು ಎತ್ತಿ ಎರಡು ಸಲ ಓಕರಿಸಿದ. ಕೆಸರೂ ಕರಿ, ಹೀರೆಬೀಜವೂ ಕರಿ. ಕೂದಲೆಳೆಯಂಥ ಚೆಂಡುಹೂವಿನ ಬೀಜ ಒಂದೂ ಸಿಗಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಹೀರೆಬೀಜ ಒಂಬತ್ತು ಸಿಕ್ಕವು.

"ಹತ್ತನೇದು!" ಜಂಬಣ್ಣ ಬೆರಳ ತುದಿಯಲ್ಲಿ ಎತ್ತಿ ಹಿಡಿದ.

ಕಸ್ತೂರೆಮ್ಮ ಬಾಗಿ ನೋಡಿದಳು. "ಅದು ನೀವು ಉಗುಳಿದ ಅಡಕಿ ಚೂರ್ರೀ."

ಒಂಬತ್ತನ್ನೂ ತೊಳೆದು, ಗೋಡೆ ಪಕ್ಕದ ದಿಬ್ಬದಲ್ಲಿ ಊರಿದಳು. ವಾರಕ್ಕೆ ನಾಲ್ಕು ಮೊಳೆತವು. ಮುದುರಿದ ಎಲೆಗಳನ್ನು ಕೂತು ನೋಡುತ್ತಿದ್ದಾಗ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಜಂಬಣ್ಣ ತುಂಬಿದ ಕೊಡ ಹೊತ್ತು ಬರುತ್ತಿದ್ದ.

"ಅಲ್ಲೇ ನಿಲ್ರಿ," ಎಂದಳು. "ಕೊಡ ಕೆಳಗಿಡ್ರಿ."