ಗಂಟಕ್ಕ ಆರಿಸಿದ ಸ್ಪೀಕರುಗಳು

ಗಿರಣಿಯಲ್ಲಿ ಅವಳಿಗೆ ಗಂಟಕ್ಕ ಎಂದೇ ಹೆಸರು. ಮಗ್ಗದ ಮೇಲೆ ಎಳೆ ಹರಿದರೆ ಬೇರೆಯವರು ತಡಕಾಡುವಷ್ಟರಲ್ಲಿ ಅವಳು ಎರಡೇ ಬೆರಳಲ್ಲಿ ಗಂಟು ಹಾಕಿ ಮುಗಿಸಿರುತ್ತಿದ್ದಳು. ಗಂಟು ಎಲ್ಲಿದೆ ಎಂದು ಮೇಸ್ತ್ರಿ ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗುತ್ತಿರಲಿಲ್ಲ. ಹದಿನೆಂಟಕ್ಕೆ ಒಳಗೆ ಹೋದವಳು ಐವತ್ತೆಂಟಕ್ಕೆ ಹೊರಗೆ ಬಂದಳು. ಆ ನಲವತ್ತು ವರ್ಷವೂ ಇನ್ನೂರು ಮಗ್ಗಗಳ ಬಡಿತದ ನಡುವೆ. ಅಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವರಿಗೆ ಕೇಳಿಸದು. ಹಾಗಾಗಿ ಗಿರಣಿಯ ಹೆಂಗಸರು ದನಿಯೇ ಇಲ್ಲದೆ, ಬಾಯಿ ಅಗಲಿಸಿ, ತುಟಿ ತಿರುಚಿ ಮಾತಾಡಿಕೊಳ್ಳುತ್ತಿದ್ದರು. ಮೇಸ್ತ್ರಿಯ ಬೆನ್ನ ಹಿಂದೆ ನಿಂತು ಅವನ ಮಾನ ಹರಾಜು ಹಾಕುತ್ತಿದ್ದರು. ಪಾಪ, ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ಅವಳಿಗಿದ್ದವನು ತಮ್ಮ ಒಬ್ಬನೇ. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಕಳೆದುಕೊಂಡವನು. ಕಿಟಕಿಯ ಪಕ್ಕ ಕೂತು ಬೆತ್ತದ ಕುರ್ಚಿ ಹೆಣೆಯುವುದು ಅವನ ಕೆಲಸ. ಅವನನ್ನು ಬಿಟ್ಟು ಹೋಗಲಾರದೆ ಅಕ್ಕ ಮದುವೆಯಾಗಲಿಲ್ಲ ಎಂದು ಬಂಧುಗಳು ಹೇಳುತ್ತಿದ್ದರು. ಅವಳನ್ನೇ ಕೇಳಿದರೆ, "ನನ್ನನ್ನ ನೋಡೋಕೆ ಬಂದ ಗಂಡುಗಳನ್ನ ನೀವು ನೋಡಿದ್ರೆ ನೀವೂ ಓಡಿಹೋಗ್ತಿದ್ರಿ" ಎಂದು ನಕ್ಕುಬಿಡುತ್ತಿದ್ದಳು. ನಿಜ ಎರಡರ ನಡುವೆ ಎಲ್ಲೋ ಇತ್ತು.

ಕೆಲಸ ಬಿಟ್ಟ ಮೇಲೆ ಅವಳಿಗೆ ಲೋಕವೆಲ್ಲ ಗೊಣಗುತ್ತಿದೆ ಅನ್ನಿಸತೊಡಗಿತು. ಹಾಲಿನವನು ಗೊಣಗುತ್ತಾನೆ, ಬಸ್ಸಿನ ಕಂಡಕ್ಟರು ಗೊಣಗುತ್ತಾನೆ. "ಈಗಿನವರಿಗೆ ಬಾಯಿ ಬಿಟ್ಟು ಮಾತಾಡೋಕೂ ಸೋಮಾರಿತನ" ಎಂದು ಸಿಡುಕುತ್ತಿದ್ದಳು. ತಮ್ಮ ಮಾತ್ರ ಹಾಗಲ್ಲ. ಹೆಜ್ಜೆಯ ಸದ್ದಿನಲ್ಲೇ ಅಕ್ಕ ಎಲ್ಲಿದ್ದಾಳೆಂದು ತಿಳಿದು, ಆ ಕಡೆಗೆ ಮುಖ ತಿರುಗಿಸಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದ. ಅವನ ಮಾತು ಒಂದಕ್ಷರ ಬಿಡದೆ ತಿಳಿಯುವಾಗ ತನ್ನ ಕಿವಿಗೇನು ಧಾಡಿ ಎಂಬುದು ಅವಳ ವಾದ.

ತಮ್ಮನಿಗೆ ಹಾಡೆಂದರೆ ಪ್ರಾಣ. ಅವನ ಟೇಪ್ ಪ್ಲೇಯರು ಗಟ್ಟಿಮುಟ್ಟಾಗಿತ್ತು, ಆದರೆ ಸ್ಪೀಕರುಗಳ ಒಳಗಿನ ಕಾಗದ ಹರಿದು ಕರಕರ ಎನ್ನುತ್ತಿತ್ತು. ಗಿರಣಿಯವರು ಬೀಳ್ಕೊಡುವಾಗ ಕೊಟ್ಟ ಹಣದಲ್ಲಿ ಒಂದು ಪಾಲು ಎತ್ತಿಟ್ಟು, ಗಂಟಕ್ಕ ಅವನಿಗೆ ಹೇಳದೆ ಪೇಟೆಗೆ ಹೋದಳು. ಕರೆದುಕೊಂಡು ಹೋಗಬಹುದಿತ್ತು. ಆದರೆ ಅವನ ಮುಖ ಅರಳುವುದನ್ನು ಮನೆಯಲ್ಲಿ, ತಾನೊಬ್ಬಳೇ ನೋಡಬೇಕೆಂಬ ಆಸೆ ಅವಳದು. ಜೀವಮಾನದಲ್ಲಿ ಅವಳು ಪಟ್ಟ ಆಸೆಗಳೇ ಕಡಿಮೆ, ಬೈಯಲು ಮನಸ್ಸಾಗುವುದಿಲ್ಲ.

ಅಂಗಡಿಯವನು ಒಳ್ಳೆಯ ಮನುಷ್ಯ. ಅವಳ ಕೈಯಲ್ಲಿದ್ದ ಹಣಕ್ಕೆ ಹೊಂದುವ ಮೂರು ಜೋಡಿ ಇಟ್ಟು ಒಂದೊಂದಾಗಿ ಹಾಡು ಹಾಕಿದ. ಮೊದಲನೆಯದು ಸಣ್ಣದು, ಮರದ್ದು.

"ಅಮ್ಮಾ, ನನ್ನ ಮಾತು ಕೇಳಿ, ಇದನ್ನ ತಗೊಳ್ಳಿ. ನೋಡೋಕೆ ಸಪ್ಪೆ, ಆದ್ರೆ ದನಿ ಮೆತ್ತಗಿದೆ. ದಿನವೆಲ್ಲ ಕೇಳಿದ್ರೂ ದಣಿವಾಗಲ್ಲ."

"ಇದೇನಪ್ಪಾ, ಕಂಬಳಿ ಹೊದ್ದು ಹಾಡಿದ ಹಾಗಿದೆ!"

ಎರಡನೆಯದೂ ಅವಳಿಗೆ ಹಾಗೇ ಅನ್ನಿಸಿತು. ಮೂರನೆಯದು ಕಪ್ಪು ಪ್ಲಾಸ್ಟಿಕ್ಕಿನ ಎತ್ತರದ ಜೋಡಿ, ಮಾರಾಟವಾಗದೆ ಮೂಲೆಯಲ್ಲಿ ಕೂತದ್ದು. ಅದು ಬಾಯಿ ತೆರೆದದ್ದೇ ತಡ, ಗಂಟಕ್ಕನ ಮೈ ಜುಮ್ಮೆಂದಿತು. ಹಾಡುವವಳ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು. ಹಾಡು ಹಾಗೆ ಕೇಳಿಸಿ ಎಷ್ಟು ವರ್ಷವಾಗಿತ್ತೋ!

"ಇದು ಸ್ವಲ್ಪ ಚೂಪು ಅಮ್ಮಾ, ಕಿವಿಗೆ ಚುಚ್ಚುತ್ತೆ. ಆಮೇಲೆ ವಾಪಸ್ ತಗೊಳ್ಳೋಕಾಗಲ್ಲ ನೋಡಿ."

ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಅವಳು. "ನಲವತ್ತು ವರ್ಷ ಬಟ್ಟೆ ನೇಯ್ದವಳಪ್ಪಾ ನಾನು. ಮಾರೋನ ಮಾತು ಕೇಳಿ ಯಾವತ್ತೂ ಒಂದು ಗಜ ಕೊಂಡವಳಲ್ಲ. ಕಟ್ಟಿಕೊಡು" ಎಂದಳು.

ಮನೆಯಲ್ಲಿ ತಮ್ಮ ಪೆಟ್ಟಿಗೆಗಳ ಮೈಯೆಲ್ಲ ತಡವಿದ. ಹಾಡು ಶುರುವಾದಾಗ ಒಮ್ಮೆ ಬೆಚ್ಚಿದ. ಅವಳು ಅದನ್ನು ಸಂತೋಷವೆಂದುಕೊಂಡಳು. "ಬಹಳ ಚೆನ್ನಾಗಿದೆ ಅಕ್ಕ" ಎಂದ. ಅಂದಿನಿಂದ ಪ್ರತಿ ಸಂಜೆ ಒಂದು ಗಂಟೆ ಇಬ್ಬರೂ ಕೂತು ಕೇಳುವುದು ರೂಢಿಯಾಯಿತು. "ಇನ್ನೂ ಜೋರಾಗಿ ಇಡೋ" ಎಂದು ಅವಳೇ ಹೇಳುತ್ತಿದ್ದಳು, ಅವನು ಇಡುತ್ತಿದ್ದ. ಅವಳಿಗೆ ಅಷ್ಟು ಸುಖದ ದಿನಗಳು ಬೇರೆ ಬಂದಿರಲಿಲ್ಲ.

ಮೂರು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ತರಕಾರಿ ತಂದು ಅಂಗಳಕ್ಕೆ ಕಾಲಿಟ್ಟಾಗ ಕಿಟಕಿಯ ಗಾಜಿನಾಚೆ ತಮ್ಮ ಕಂಡ. ಎದುರಿಗೆ ಕುರ್ಚಿ ಒಯ್ಯಲು ಬಂದ ಹಳೆಯ ಪೋಸ್ಟ್‌ಮ್ಯಾನು ಅವಳಿಗೆ ಬೆನ್ನು ಹಾಕಿ ಕೂತಿದ್ದ. ತಮ್ಮ ಹೇಳುತ್ತಿದ್ದ:

"ಆ ಪೆಟ್ಟಿಗೆ ಹಾಕಿದ್ರೆ ಕಿವಿಯೊಳಗೆ ಸೂಜಿ ಆಡಿಸಿದ ಹಾಗಾಗುತ್ತೆ ಕಣಯ್ಯಾ. ರಾತ್ರಿಯೆಲ್ಲ ತಲೆನೋವು."

ಪೋಸ್ಟ್‌ಮ್ಯಾನು ಏನೋ ಅಂದಿರಬೇಕು, ತಲೆ ಅಲ್ಲಾಡಿತು.

"ಬೇಡಪ್ಪಾ, ಅಕ್ಕನಿಗೆ ಹೇಳ್ಬೇಡ. ಅವಳಿಗೆ ಕೇಳಿಸೋದು ಅದೊಂದೇ. ಮಿಕ್ಕಿದ್ದೆಲ್ಲ ನನ್ನ ಬಾಯಿ ನೋಡಿ ತಿಳ್ಕೋತಾಳೆ. ಕೇಳಿಸ್ತಿದೆ ಅಂತಾನೇ ಅಂದ್ಕೊಂಡಿದ್ದಾಳೆ, ಪಾಪ."

ಗಂಟಕ್ಕನಿಗೆ ಮೈಯೆಲ್ಲ ಉರಿಯಿತು. ನನಗೆ ಕೇಳಿಸುವುದಿಲ್ಲವಂತೆ! ಅಂಗಳದಲ್ಲಿ ನಿಂತಿದ್ದರೂ ಒಂದಕ್ಷರ ಬಿಡದೆ ಕೇಳಿಸುತ್ತಿದೆಯಲ್ಲ! ಎರಡು ಮಾತು ಬಿಗಿಯಲೆಂದು ಕಿಟಕಿಯನ್ನು ತಳ್ಳಿದಳು. ಅದು ಅಲುಗಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

ಕೈ ಅಲ್ಲೇ ನಿಂತಿತು. ಗಾಜಿನಾಚೆ ತಮ್ಮನ ತುಟಿ ಇನ್ನೂ ಆಡುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ಏನೂ ಇಲ್ಲ. ಕಣ್ಣು ತೆರೆದಳು, ಮಾತು ಮತ್ತೆ ಬಂತು. ತರಕಾರಿಯ ಚೀಲ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಅತ್ತಳು. ಹೋದ ಕಿವಿಗಾಗಿ ಅತ್ತದ್ದು ಕಡಿಮೆ. ಆಡಲೂ ಆಗದೆ ಅನುಭವಿಸಲೂ ಆಗದೆ ತೊಂಬತ್ತು ಸಂಜೆ ಕೂತ ತಮ್ಮನಿಗಾಗಿ ಅತ್ತದ್ದೇ ಹೆಚ್ಚು.

ಸಂಜೆ ಅವನು ಎಂದಿನಂತೆ ಪ್ಲೇಯರಿನತ್ತ ಕೈ ಚಾಚಿದ.

"ಇವತ್ತು ನಾನು ಇಡ್ತೀನಿ ಬಿಡು" ಎಂದಳು.

ಹಾಡು ಹಚ್ಚಿ ಅವನ ಮುಖವನ್ನೇ ನೋಡುತ್ತ ದನಿಯ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗಿಸಿದಳು. ಮಗ್ಗದಲ್ಲೂ ಹಾಗೆಯೇ, ಬಟ್ಟೆಯನ್ನು ನೋಡಿ ಎಳೆಯ ಬಿಗಿ ಸಡಿಲಿಸುವುದು. ಅವಳ ಕಿವಿಯಿಂದ ಮೊದಲು ಹಾಡಿನ ಮಾತುಗಳು ಹೋದವು, ಆಮೇಲೆ ಹಾಡೇ ಹೋಯಿತು. ತಮ್ಮನ ಹುಬ್ಬಿನ ನಡುವಿನ ಗೆರೆ ಮಾತ್ರ ಇನ್ನೂ ಇತ್ತು. ಮತ್ತಷ್ಟು ತಿರುಗಿಸಿದಳು. ಗೆರೆ ಸಡಿಲವಾಯಿತು, ಭುಜ ಇಳಿಯಿತು. ಅವನು ಗೋಡೆಗೆ ಒರಗಿ, ಪಾದ ಆಡಿಸುತ್ತ ಹಾಡಿನೊಳಕ್ಕೆ ಹೋಗಿಬಿಟ್ಟ. ಈ ಮುಖವನ್ನು ನೋಡಲೆಂದೇ ಅಲ್ಲವೇ ಅವಳು ಒಬ್ಬಳೇ ಪೇಟೆಗೆ ಹೋಗಿದ್ದು.

ಸ್ವಲ್ಪ ಹೊತ್ತಿನ ಮೇಲೆ ಅವನು ಅವಳತ್ತ ತಿರುಗಿದ. "ಅಕ್ಕ, ಇಷ್ಟು ಸಣ್ಣಗೆ ಇಟ್ಟಿದ್ದೀಯಲ್ಲ, ನಿಂಗೆ ಕೇಳಿಸ್ತಿದೆಯಾ?"

"ಕೇಳಿಸದೆ ಏನು? ಚೆನ್ನಾಗಿ ಕೇಳಿಸ್ತಿದೆ."

ಅವನ ಪಾದ ಆಡಿದಂತೆ ಅವಳೂ ತೊಡೆಯ ಮೇಲೆ ಬೆರಳಾಡಿಸುತ್ತ ಕೂತಳು. ತುಸು ಹೊತ್ತಿಗೆ ಪಾದ ನಿಂತಿತು. ಹಾಡು ಮುಗಿಯಿತು ಎಂದುಕೊಂಡು, "ಎಷ್ಟು ಚೆನ್ನಾಗಿ ಮುಗಿಸಿದಳಲ್ಲೋ!" ಎಂದಳು.

ಹೇಳಿದ ಮೇಲೆ ಅವಳ ಕಣ್ಣು ಪ್ಲೇಯರಿನ ಮೇಲೆ ಬಿತ್ತು. ಸದ್ದಿದ್ದರೆ ಮಾತ್ರ ಕುಣಿಯುವ ಹಸಿರು ದೀಪಗಳು ಅಲ್ಲಿ ಇನ್ನೂ ಕುಣಿಯುತ್ತಿದ್ದವು. ತಮ್ಮ ಜೋಮು ಹಿಡಿದ ಕಾಲನ್ನು ನಿಧಾನವಾಗಿ ನೀವಿಕೊಳ್ಳುತ್ತಿದ್ದ.

ಅವನು ನೀವುವುದನ್ನು ನಿಲ್ಲಿಸಿದ. ಆಮೇಲೆ ಅವಳ ಕಡೆಗೆ ಮುಖ ಪೂರ್ತಿ ತಿರುಗಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದ:

"ಹೌದಕ್ಕ, ಚೆನ್ನಾಗಿ ಮುಗಿಸಿದಳು."