ಬಿರುಕು ಮುಚ್ಚಳದ ಸಲಮಾಂಡರ್

ಅರವತ್ತರ ದಶಕದ ಕೊನೆಯಲ್ಲಿ ನಾನು ರಾಜಘಟ್ಟದಿಂದ ದೊಡ್ಡಬಳ್ಳಾಪುರಕ್ಕೆ ನಡೆದು ಹೋಗಿ ಪಿಯುಸಿ ಓದಿದವಳು. ಡಾಕ್ಟರಾಗಬೇಕು ಅನ್ನುವುದೊಂದೇ ಹಟ.

ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ಗಾಜಿನ ಬಾಟಲಿಗಳಿದ್ದವು. ಮುಚ್ಚಳ ಬಿರುಕುಬಿಟ್ಟಿದ್ದ ಒಂದರಲ್ಲಿ ಆಕ್ಸೊಲಾಟ್ಲ್, ಇನ್ನೊಂದರಲ್ಲಿ ಅದರ ದಾಯಾದಿ ಅಚೋಕೆ. ಎರಡೂ ಮೆಕ್ಸಿಕೋದ ಸರೋವರಗಳ ಸಲಮಾಂಡರ್‌ಗಳು. ಹಲ್ಲಿಯಂಥ ಮೈ, ದೊಡ್ಡವಾದರೂ ಕತ್ತಿನ ಪಕ್ಕ ಉಳಿಯುವ ಕಿವಿರು. ಈಗ ಎರಡೂ ಅಳಿವಿನಂಚಿನಲ್ಲಿವೆಯಂತೆ. ವ್ಯತ್ಯಾಸ ನೋಡಬೇಕಾದ್ದು ಕಾಲಿನಲ್ಲಿ. ಆಕ್ಸೊಲಾಟ್ಲ್‌ನ ಬೆರಳು ಬಿಡಿಬಿಡಿ, ಅಚೋಕೆಗೆ ಬೆರಳುಗಳ ನಡುವೆ ಚರ್ಮ.

ನಮ್ಮ ಮೇಷ್ಟ್ರು ಅದನ್ನು ಹೇಳಿಕೊಡಲೇ ಇಲ್ಲ. "ಬಿರುಕು ಮುಚ್ಚಳದ್ದು ಆಕ್ಸೊಲಾಟ್ಲ್, ಇನ್ನೊಂದು ಅಚೋಕೆ. ಇಷ್ಟು ನೆನಪಿಟ್ಕೊಳ್ಳಿ, ಸಾಕು" ಅಂದುಬಿಟ್ಟರು. ಬೆರಳಿನ ವಿಷಯ ನಾನು ಪುಸ್ತಕದಲ್ಲಿ ಓದಿಕೊಂಡೆ.

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಜವಾನ ಬಾಟಲಿ ತೊಳೆದು ಸತ್ತ ಪ್ರಾಣಿ ಕೆಡದಂತೆ ಹೊಸ ಫಾರ್ಮಲಿನ್ ಹಾಕಿದ್ದ. ಆಗಲೇ ಪ್ರಾಣಿಗಳು ಅದಲುಬದಲಾಗಿರಬೇಕು. ಪ್ರಾಣಿ ಗುರುತಿಸುವ ಪ್ರಶ್ನೆಗೆ ನಾನು ಬೆರಳು ನೋಡಿ ಬರೆದೆ, ಉಳಿದವರೆಲ್ಲ ಮುಚ್ಚಳ ನೋಡಿ ಬರೆದರು. ಮೇಷ್ಟ್ರು ನನ್ನ ಉತ್ತರಕ್ಕೆ ಗೀಟೆಳೆದರು.

"ಬೆರಳು ನೋಡಿ ಸಾರ್" ಅಂದೆ.

"ನಂಗೇ ಪಾಠ ಹೇಳ್ತೀಯೇನಮ್ಮ? ನಡಿ ಆಚೆಗೆ" ಅಂದರು.

ಆ ಪ್ರಶ್ನೆಯ ಎರಡೇ ಅಂಕದಲ್ಲಿ ಮೆಡಿಕಲ್ ಸೀಟು ಕೈತಪ್ಪಿತು. ಮೇಷ್ಟ್ರ ಮೇಲಿನ ಸಿಟ್ಟು ಆರಲಿಲ್ಲ. ಪ್ರಾಣಿಶಾಸ್ತ್ರವನ್ನೇ ಓದಿ ಅಧ್ಯಾಪಕಿಯಾದೆ. ಎಪ್ಪತ್ತರ ದಶಕದ ಕೊನೆಗೆ ಮೇಷ್ಟ್ರು ಇನ್ನೂ ಇದ್ದ ಅದೇ ಕಾಲೇಜಿಗೆ ಪರೀಕ್ಷಕಿಯಾಗಿ ಹೋಗುವ ಆದೇಶ ಬಂದಾಗ ಹಬ್ಬ ಬಂದಷ್ಟು ಖುಷಿಪಟ್ಟೆ.

ಆವತ್ತು ಬಾಟಲಿಗಳನ್ನು ಖಾಲಿ ಮಾಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿಸಿದೆ. ಎರಡು ಪ್ರಾಣಿಗಳನ್ನೂ ಬರೀ ತಟ್ಟೆಯಲ್ಲಿ ಇಡಿಸಿ, "ಸರಿಯುತ್ತರ ನೀವೇ ಬರ್ಕೊಡಿ ಸಾರ್" ಅಂತ ಮೇಷ್ಟ್ರನ್ನು ಕರೆದೆ. ಅವರು ತಟ್ಟೆ ತಿರುಗಿಸಿ ತಿರುಗಿಸಿ ನೋಡಿದರು.

"ಬಾಟ್ಲಿ ಎಲ್ಲಮ್ಮ?"

"ಬಾಟ್ಲಿ ಯಾಕೆ ಸಾರ್?"

ಪರೀಕ್ಷೆಗೆ ಬಂದ ಮಕ್ಕಳೂ ಮುಚ್ಚಳವನ್ನೇ ಹುಡುಕಿದರು. ಅವರಿಗೇಕೆ ಶಿಕ್ಷೆ? ಎಲ್ಲರಿಗೂ ಎರಡೆರಡು ಅಂಕ ಕೊಟ್ಟೆ. ಕಾರಣವನ್ನು ಮಾತ್ರ ಮೇಷ್ಟ್ರ ಕೈಯಲ್ಲೇ ಬರೆಸಿದೆ: 'ಇದನ್ನು ನಾನು ಕಲಿಸಿಲ್ಲ.' ಕೆಳಗೆ ಸಹಿಯನ್ನೂ ಹಾಕಿಸಿದೆ. ನನಗೆ ಒಂಚೂರೂ ಅಯ್ಯೋ ಅನ್ನಿಸಲಿಲ್ಲ.

ಪೆನ್ನು ವಾಪಸ್ಸು ಕೊಡುತ್ತಾ ಕೇಳಿದರು, "ನಿಮ್ದು ಯಾವೂರಮ್ಮ? ಎಲ್ಲಿ ಓದಿದ್ದು?"

ನನ್ನ ನೆನಪೇ ಅವರಿಗಿರಲಿಲ್ಲ. ಆ ಸಿಟ್ಟು ಇನ್ನೂ ಹಾಗೇ ಇದೆ.