ಹುಲ್ಲುಬನ್ನಿಗೆ ಕರಿನಾಲಿಗೆಯ ಕಾವಲು

ನನಗೂ ನಮ್ಮೂರಿಗೂ ಮಾತು ಕೆಟ್ಟಿದ್ದು ಬೇವಿನ ಸಸಿಗಳಿಂದ. ಊರಿನವರನ್ನು ಕೇಳಿದರೆ ನನ್ನ ಬಾಯಿಯಿಂದ ಎನ್ನುತ್ತಾರೆ.

ಬೇಸಿಗೆಯಲ್ಲಿ ಸೂಳೆಕೆರೆಯ ನೀರು ಹಿಂದೆ ಸರಿದಾಗ ನಮ್ಮೂರ ಕಡೆ ಒಂದು ಹುಲ್ಲುಬಯಲು ಎದ್ದು ಬರುತ್ತದೆ. ದನ ಮೇಯಲೆಂದು ಹಿಂದಿನವರು ಬಿಟ್ಟ ಹುಲ್ಲುಬನ್ನಿ ಅದು; ಕೆಲವು ತಿಂಗಳು ಕೆರೆ, ಕೆಲವು ತಿಂಗಳು ಹುಲ್ಲು. ದನದ ಡಾಕ್ಟರಾಗಿ ನಾನು ತಿರುಗಿದ ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೆಲ್ಲೂ ಇಂಥದ್ದು ಕಾಣಲಿಲ್ಲ. ಟಿಟ್ಟಿಭ, ನೆಲಗುಬ್ಬಿಯಂಥ ಹಕ್ಕಿಗಳು ಇಲ್ಲಿ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಮರ ಬಂದರೆ ಕಾಗೆ ಬರುತ್ತದೆ. ಕಾಗೆ ಬಂದ ಮೇಲೆ ಮೊಟ್ಟೆಯ ಗತಿ ಹೇಳಬೇಕಾಗಿಲ್ಲ.

ಹೀಗಿರಲಾಗಿ, ಊರಿನ ಸಂಘದವರು ಪರಿಸರ ದಿನಕ್ಕೆ ಅದೇ ಬಯಲಿನಲ್ಲಿ ವನ ಬೆಳೆಸುವುದೆಂದು ಠರಾವು ಮಾಡಿದರು. ನಿವೃತ್ತನಾಗಿ ಊರಲ್ಲಿದ್ದ ನನ್ನನ್ನು, ಪರಿಸರಪ್ರೇಮಿ ಎಂಬ ಆಪಾದನೆಯ ಮೇಲೆ, ಮುಖ್ಯ ಅತಿಥಿ ಮಾಡಿದರು. ಶಾಮಿಯಾನದ ಗೂಟವನ್ನು ಒಂದು ಗೂಡಿನ ಮೇಲೇ ಹೊಡೆದಿದ್ದರು. ತಾಯಿಹಕ್ಕಿ ಮೈಕಿಗಿಂತ ಜೋರಾಗಿ ಕಿರುಚುತ್ತಿತ್ತು. ನನಗೆ ಶಾಲು ಹೊದಿಸಿ, ಹಾರ ಹಾಕಿ, ಎರಡು ಮಾತು ಆಡಿರೆಂದರು. ಎರಡೇ ಆಡಿದೆ.

"ಇಲ್ಲಿ ಗಿಡ ನೆಡಬೇಡಿ. ನೆಟ್ಟರೂ ಒಂದೂ ಉಳಿಯುವುದಿಲ್ಲ."

ಚಪ್ಪಾಳೆಗೆಂದು ಎತ್ತಿದ ಕೈಗಳು ಅಲ್ಲೇ ನಿಂತವು. ಸಂಘದ ಅಧ್ಯಕ್ಷನ ಅಡಿಕೆ ತೋಟ ಬಯಲಿನ ಅಂಚಿಗೇ ಇದೆ. ಅವನು ಮೈಕು ಕಿತ್ತುಕೊಂಡ.

"ಏನ್ ಡಾಕ್ಟ್ರೇ, ಗಿಡ ನೆಡಾಕೆ ಕರೆದ್ರೆ ಶಾಪ ಹಾಕ್ತೀರಲ್ರೀ! ಶಾಲು ಹೊದ್ದು ಆಡೋ ಮಾತೇನ್ರಿ ಇದು?"

"ಶಾಲು ಹೊದ್ದಿದ್ದು ಹೆಗಲಿಗಪ್ಪಾ, ಬಾಯಿಗಲ್ಲ. ಮಳೆ ಹಿಡಿದ್ರೆ ಕೆರೆ ಇಲ್ಲೀತಂಕ ಬರ್ತೈತೆ. ನಿಮ್ಮಪ್ಪನ್ನ ಕೇಳು."

"ಹುಲ್ಲಿಗೆ ಇಷ್ಟು ಸಂಕಟ ಪಡ್ತಾರಲ್ಲ, ಮನ್ಯಾಗೆ ಅದನ್ನೇ ಉಣ್ತಾರೇನು?" ಎಂದಳು ಹಿಂದಿನ ಸಾಲಿನ ಒಬ್ಬಾಕೆ. ಜನ ನಕ್ಕರು.

"ಹುಲ್ಲು ತಿನ್ನೋವ್ರ ಜೊತೆಗೇ ಜೀವಮಾನ ಕಳೆದಿದೀನಿ ತಾಯಿ. ನಿಮಗಿಂತ ಮರ್ಯಾದಸ್ಥವು" ಎಂದೆ. ಸಭೆಗೆ ಆ ಮಾತು ಬೇಕಿರಲಿಲ್ಲ, ನನಗೆ ಬೇಕಿತ್ತು.

ಬೇವಿನ ಸಸಿ ನೆಟ್ಟೇಬಿಟ್ಟರು. ಮಘಾ ಮಳೆಗೆ ಕೆರೆ ತನ್ನ ಪದ್ಧತಿಯಂತೆ ಬಂತು. ನೀರಿಳಿದಾಗ ಉಳಿದದ್ದು ಕೊಳೆತ ಕಡ್ಡಿಗಳು. ಊರು ಕೆರೆಯನ್ನು ಬೈಯಲಿಲ್ಲ. ಡಾಕ್ಟರದು ಕರಿನಾಲಿಗೆ, ಆಡಿದ್ದು ಹತ್ತುತ್ತದೆ, ಹೊಗಳಿದರಂತೂ ಮುಗಿಯಿತು ಎಂದು ತೀರ್ಪಾಯಿತು. ದಾರಿಯಲ್ಲಿ ನಾನು ಕಂಡರೆ ಹೆಂಗಸರು ಕೂಸಿನ ಮುಖಕ್ಕೆ ಸೆರಗು ಮುಚ್ಚಿದರು. ಕರು ಹಾಕಲು ಒದ್ದಾಡುವ ಎಮ್ಮೆಗೂ ಬಸವಾಪಟ್ಟಣದಿಂದ ಬೇರೆಯವರನ್ನು ಕರೆಸಿದರು. ನನ್ನ ಹೆಂಡತಿಯನ್ನು ಅರಿಶಿನ ಕುಂಕುಮಕ್ಕೆ ಕರೆಯುವುದೂ ನಿಂತಿತು.

"ಒಂದ್ಸಲ ತಪ್ಪಾತು ಅಂದ್ಬಿಡ್ರಿ. ನಿಮ್ಮ ಬಾಯಿಗೆ ನಾನ್ಯಾಕೆ ಮನ್ಯಾಗೆ ಕೂರಬೇಕು?" ಎಂದಳು ಅವಳು. ನ್ಯಾಯವಾದ ಪ್ರಶ್ನೆ. ಅಂದುಬಿಡೋಣವೆಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಬೇಸಿಗೆ ಬಂತು, ಹಕ್ಕಿಗಳು ಮೊಟ್ಟೆಯಿಟ್ಟವು, ಅಧ್ಯಕ್ಷ ಜೆಸಿಬಿ ತಂದ. ಬಯಲಿನ ತೇವ ಬಸಿಯಲು ಕಾಲುವೆ ತೋಡಿ ತೋಟವನ್ನು ಮುಂದಕ್ಕೆ ತಳ್ಳುವ ಹುನ್ನಾರ. ನಾನು ಕೊಟ್ಟ ದೂರು ಪರಿಶೀಲನೆಯಲ್ಲಿತ್ತು, ಈಗಲೂ ಇದೆ. ಸಂಘದ ಶಾಲನ್ನೇ ಹೊದ್ದು ಹೋಗಿ, ಯಂತ್ರದ ಮುಂದೆ ನಿಂತು, ಡ್ರೈವರನಿಗೆ ಕೈಮುಗಿದೆ.

"ಒಳ್ಳೇ ಗಾಡಿ ಕಣಪ್ಪಾ. ಹೊಸದಾ?"

ಅವನು ಇಂಜಿನ್ ಆಫ್ ಮಾಡಿ ಅಧ್ಯಕ್ಷನತ್ತ ತಿರುಗಿದ. "ಅಣ್ಣಾ, ಅವ್ರು ಇವ್ರೇನಾ?"

"ಅವ್ರ ಮಾತೇನ್ ಕೇಳ್ತೀಯ, ತೋಡಲೇ!"

"ನೀವೇ ತೋಡ್ಕಳ್ರಿ. ನಂಗೆ ಹೆಂಡ್ತಿ ಮಕ್ಳು ಅದಾರೆ."

ಜೆಸಿಬಿ ಹಿಂದಕ್ಕೆ ಹೊರಟಿತು. "ನಿನ್ ಬಾಯಿಗೆ ಹುಳ ಬೀಳಾ!" ಎಂದು ಅಧ್ಯಕ್ಷ ಏಕವಚನಕ್ಕೆ ಇಳಿದ.

"ನಿನ್ ತೋಟಾನೂ ಈ ಸಲ ಭಾರೀ ಚೆನ್ನಾಗಿ..." ಎಂದು ನಾನು ಶುರು ಮಾಡುವಷ್ಟರಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಓಡಿದ.

ಮನೆಗೆ ಬಂದಾಗ ಹೆಂಡತಿ ಉಪ್ಪಿನಕಾಯಿ ಹಾಕುತ್ತಿದ್ದಳು. ಸುದ್ದಿ ನನಗಿಂತ ಮುಂಚೆ ತಲುಪಿತ್ತು.

"ತಪ್ಪಾತು ಅನ್ನಲಿಲ್ಲ ಅಲ್ವಾ?"

"ಅನ್ನಂಗಿಲ್ಲ ಕಣೇ. ನಾನು ಒಳ್ಳೇವ್ನಾದ ದಿನ ಆ ಬಯಲು ಹೋಗ್ತೈತೆ."

ಅವಳು ಭರಣಿಯ ಬಾಯಿಗೆ ಬಟ್ಟೆ ಬಿಗಿದು, ಅದನ್ನು ನನ್ನ ಕಣ್ಣಿಗೆ ಬೀಳದಂತೆ ಒಳಕ್ಕೆ ಒಯ್ದಳು.